ಪಂಚನಹಳ್ಳಿಯಿಂದ ಸಿದ್ಧಗಂಗೆಗೆ: ಪ್ರಸಾದ ನಿಲಯದ ಕಾಯಕಜೀವಿಗಳು

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೊರಗಿನವರ ಕಣ್ಣಮುಂದೆ ಕಾಫಿಯ ತೋಟಗಳೂ ಬಾಬಾಬುಡನ್‌ಗಿರಿಯ ಮಂಜೂ ಬಂದು ನಿಲ್ಲುತ್ತವೆ. ಅಂಥವರನ್ನು ನಾವು ಕಡೂರು ತಾಲ್ಲೂಕಿನ ಪೂರ್ವದ ಬಯಲಿಗೆ, ನಮ್ಮ ಪಂಚನಹಳ್ಳಿ ಹೋಬಳಿಗೆ ಕರೆತಂದರೆ ಇದೂ ಅದೇ ಜಿಲ್ಲೆಯೇ ಎಂದು ಬೆರಗಾಗುತ್ತಾರೆ. 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು ಎಂಬುದನ್ನು ಈಗ ನೆನೆಯುವವರು ವಿರಳ. ಪಶ್ಚಿಮದ ಗಿರಿಗಳು ಮಳೆಯನ್ನೆಲ್ಲ ತಡೆದು ತಾವೇ ಕುಡಿದು, ಉಳಿದ ಹನಿಗಳನ್ನು ಮಾತ್ರ ನಮ್ಮ ಕಡೆಗೆ ಕಳುಹಿಸುತ್ತವೆ. ಆ ಹನಿಗಳನ್ನೇ ನಂಬಿ ಇಲ್ಲಿಯ ರೈತ ರಾಗಿ ಬಿತ್ತುತ್ತಾನೆ. ತೆಂಗನ್ನು ಮಗನಂತೆ ಸಾಕುತ್ತಾನೆ. ಕವಿ ಲಕ್ಷ್ಮೀಶನ ದೇವನೂರು ಇರುವುದೂ ಇದೇ ತಾಲ್ಲೂಕಿನಲ್ಲಿ. ವೇದಾವತಿ ಹರಿಯುವುದೂ ಇದೇ ತಾಲ್ಲೂಕಿನಲ್ಲಿ. ಆದರೆ ಆ ಹೊಳೆಯ ನೀರು ಮಾರಿಕಣಿವೆಯ ಜಲಾಶಯವನ್ನು ತುಂಬಲು ಹೋಗುತ್ತದೆಯೇ ಹೊರತು ನಮ್ಮ ದಿಣ್ಣೆಗಳನ್ನು ಹತ್ತುವುದಿಲ್ಲ.

ತೆಂಗು ನಮ್ಮ ಸೀಮೆಯ ಕಾಮಧೇನು ಎಂದು ಹಿರಿಯರು ಹೇಳುತ್ತಿದ್ದರು. ಆ ಕಾಮಧೇನುವೂ ಬಡಕಲಾದ ಕಾಲವನ್ನು ನಾವು ಕಂಡಿದ್ದೇವೆ. ಮೊದಲು ನುಸಿಯ ಪೀಡೆ ಬಂದು ಕಾಯಿಗಳನ್ನು ಸೊಟ್ಟಗಾಗಿಸಿತು. ಆಮೇಲೆ ವರ್ಷದ ಮೇಲೆ ವರ್ಷ ಬಂದ ಬರಗಾಲ ಅಂತರ್ಜಲವನ್ನು ಪಾತಾಳಕ್ಕಿಳಿಸಿತು. ಸುಳಿ ಬಾಗಿ ನಿಂತ ಮರಗಳನ್ನು ಕಡಿದು ಹಾಕುವಾಗ ಮನೆಯೊಳಗೆ ಹೆಂಗಸರು ಅಳುತ್ತಿದ್ದುದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಇಂಥ ಸೀಮೆಯಲ್ಲಿ ಮಕ್ಕಳ ವಿದ್ಯೆಗೆ ಮಠಗಳ ಪ್ರಸಾದ ನಿಲಯಗಳು ಎಂತಹ ಆಸರೆಯಾದವು ಎಂಬುದನ್ನು ಬರೆದು ಮುಗಿಸಲಾಗದು. ಉತ್ತರಕ್ಕೆ ಹೋದವರು ಸಿರಿಗೆರೆಯನ್ನು ಸೇರಿದರು. ದಕ್ಷಿಣಕ್ಕೆ ಹೋದವರು ಸಿದ್ಧಗಂಗೆಯನ್ನು ಸೇರಿದರು. ಒಂದು ತಗಡಿನ ಪೆಟ್ಟಿಗೆ, ಒಂದು ಚಾಪೆ, ಒಂದು ಹೊದಿಕೆ ಹೊತ್ತು ಹೋದ ಹುಡುಗರು ಉಪಾಧ್ಯಾಯರಾಗಿ, ಇಂಜಿನಿಯರರಾಗಿ, ವೈದ್ಯರಾಗಿ ಹಿಂದಿರುಗಿದರು.

ಈ ಮುಂಗಾರಿನ ಆರಂಭದಲ್ಲಿ ನಾವು ಅಂಥದೇ ಒಂದು ಪಯಣವನ್ನು ಕೈಗೊಂಡೆವು. ಅದರ ಕಥನವನ್ನು ಓದುಗ ಬಂಧುಗಳ ಮುಂದಿಡುವುದಕ್ಕೆ ಒಂದು ಕಾರಣವುಂಟು. ಆ ಕಾರಣ ನಮ್ಮ ಹಳೆಯ ಸಾಲವೊಂದಕ್ಕೆ ಸೇರಿದ್ದು.

ಹೊರಡುವ ಹೊತ್ತು

ನಮ್ಮ ತಮ್ಮನ ಮಗ ತೋಟ ಒಣಗಿದ ಮೇಲೆ ಬೆಂಗಳೂರಿಗೆ ಹೋಗಿ ಸರಕಿನ ಗಾಡಿ ಓಡಿಸುತ್ತಿದ್ದಾನೆ. ಊರಿನಲ್ಲಿ ಅವನ ಮಡದಿ ಎರಡು ಎಮ್ಮೆ ಕಟ್ಟಿಕೊಂಡು ಸಂಸಾರ ತೂಗಿಸುತ್ತಾಳೆ. ಅವರ ಮಗನಿಗೆ ಹನ್ನೊಂದು ವರ್ಷ. ಆರನೆಯ ತರಗತಿಗೆ ಅವನನ್ನು ಸಿದ್ಧಗಂಗೆಗೆ ಸೇರಿಸುವುದೆಂದು ಮನೆಮಂದಿ ನಿಶ್ಚಯಿಸಿದರು. ಅರ್ಜಿಯ ಕೆಲಸವೆಲ್ಲ ಮೊದಲೇ ಮುಗಿದಿತ್ತು. ಕರೆದೊಯ್ದು ಬಿಟ್ಟುಬರುವ ಹೊಣೆ ನಮ್ಮ ಪಾಲಿಗೆ ಬಂತು.

ಬೆಳಗಿನ ಜಾವ ಮನೆಯಲ್ಲಿ ಲಿಂಗಪೂಜೆ ಮುಗಿಯಿತು. ಆ ತಾಯಿ ಮಗನ ಹಣೆಗೆ ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಒಮ್ಮೆ ಮುಟ್ಟಿ ನೋಡಿ, ಚೀಲದಲ್ಲಿ ಚಕ್ಕುಲಿಯ ಡಬ್ಬಿಯನ್ನಿಟ್ಟಳು. ಅಳಲಿಲ್ಲ. ಬಸ್ಸು ಬರುವ ಸದ್ದಾದಾಗ ಮಾತ್ರ ನಮ್ಮ ಬಳಿಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: “ದೊಡ್ಡ ಮಾವ, ಇವನು ರಾತ್ರಿ ಹೊದಿಕೆ ಒದ್ದುಕೊಂಡುಬಿಡ್ತಾನೆ. ಅಲ್ಲಿ ಅಷ್ಟು ಮಕ್ಕಳಲ್ಲಿ ಇವನಿಗೆ ಹೊದಿಸೋರು ಯಾರು?”

ನಮ್ಮ ಬಳಿ ಉತ್ತರವಿರಲಿಲ್ಲ. “ಗುರುಗಳ ಸನ್ನಿಧಿಯಮ್ಮ, ಚಿಂತೆ ಮಾಡಬೇಡ” ಎಂದೆವು. ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಹಾದಿಯುದ್ದಕ್ಕೂ

ಅರಸೀಕೆರೆಯವರೆಗೆ ಬಸ್ಸು, ಅಲ್ಲಿಂದ ಮುಂದಕ್ಕೆ ರೈಲು. ಗಾಡಿಗೆ ಇನ್ನೂ ಹೊತ್ತಿದ್ದುದರಿಂದ ಹುಡುಗನಿಗೆ ಹೊಯ್ಸಳರ ಕಾಲದ ಈಶ್ವರ ದೇವಾಲಯವನ್ನು ತೋರಿಸಿದೆವು. ಅದರ ಮುಂಭಾಗದ ನಕ್ಷತ್ರಾಕಾರದ ಮಂಟಪವನ್ನು ನೋಡಿ ಅವನು, “ಇದನ್ನು ಕಟ್ಟಿದವರು ಯಾರು, ತಾತ?” ಎಂದು ಕೇಳಿದ. ಹೊಯ್ಸಳ ರಾಜರ ಹೆಸರು ಹೇಳಿದೆವು. “ರಾಜರೇ ಕಲ್ಲು ಕೆತ್ತಿದರಾ?” ಎಂದ. ಮಕ್ಕಳ ಪ್ರಶ್ನೆಗಳು ಎಷ್ಟೋ ಸಲ ನಮ್ಮ ಅರಿವಿಲ್ಲದ ಜಾಗಕ್ಕೇ ನಾಟುತ್ತವೆ.

ಅರಸೀಕೆರೆಯನ್ನು ಬಿಟ್ಟ ಗಾಡಿ ತಿಪಟೂರನ್ನು ಹಾದು ಹೋಗುತ್ತದೆ. ಕೊಬ್ಬರಿಯ ಮಾರುಕಟ್ಟೆಗೆ ಹೆಸರಾದ ಊರು. ನಮ್ಮ ಸೀಮೆಯ ಎಷ್ಟೋ ಮದುವೆಗಳೂ ಎಷ್ಟೋ ಸಾಲಗಳೂ ಅಲ್ಲಿಯ ಧಾರಣೆಯ ಮೇಲೆ ನಿಂತಿವೆ. ಮುಂದೆ ಬಾಣಸಂದ್ರ, ನಿಟ್ಟೂರು. ಆಮೇಲೆ ಗುಬ್ಬಿ. ಚನ್ನಬಸವೇಶ್ವರ ಸ್ವಾಮಿಯ ಕ್ಷೇತ್ರವದು. ನಾಟಕರತ್ನ ಗುಬ್ಬಿ ವೀರಣ್ಣನವರ ಊರೂ ಅದೇ. ಕಿಟಕಿಯಾಚೆ ತೆಂಗಿನ ತೋಟಗಳು ಸರಿಯುತ್ತಿದ್ದವು. ಹುಡುಗ ಚಕ್ಕುಲಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದನೇ ಹೊರತು ತೆರೆಯಲಿಲ್ಲ.

ಅವನ ಮೌನ ನಮ್ಮನ್ನು ಐವತ್ತು ವರ್ಷಗಳಿಗೂ ಹಿಂದಕ್ಕೆ ಕರೆದೊಯ್ದಿತು. ನಾವೂ ಒಂದು ಉಚಿತ ವಿದ್ಯಾರ್ಥಿ ನಿಲಯದ ಅನ್ನವುಂಡು ಓದಿದವರು. ಅದರ ಹೆಸರನ್ನು ಇಲ್ಲಿ ಹೇಳಬೇಕಾದ ಅಗತ್ಯವಿಲ್ಲ. ಅಲ್ಲಿ ಅಡುಗೆ ಮಾಡುತ್ತಿದ್ದ ಹಿರಿಯರೊಬ್ಬರನ್ನು ನಾವೆಲ್ಲ ‘ಅಜ್ಜ’ ಎಂದೇ ಕರೆಯುತ್ತಿದ್ದೆವು. ಹಗಲಿರುಳು ಹೊಗೆಯಲ್ಲಿ ನಿಂತು ಅವರ ಕಣ್ಣುಗಳು ಸದಾ ಕೆಂಪಾಗಿರುತ್ತಿದ್ದವು. ಸಾರು ನೀರಾಯಿತೆಂದು, ಅನ್ನದಲ್ಲಿ ಕಲ್ಲಿದೆಯೆಂದು ನಾವು ತಟ್ಟೆ ಬಡಿದು ಗಲಾಟೆ ಮಾಡಿದ ದಿನವೊಂದುಂಟು. ದವಸ ಸಾಲದೆ ಬಂದುದರ ತಪ್ಪು ಅವರದಲ್ಲ. ಆದರೂ ಅವರು ಏನನ್ನೂ ಹೇಳದೆ ಅಂದು ತಮ್ಮ ಪಾಲಿನ ಊಟವನ್ನೂ ಚಿಕ್ಕ ಹುಡುಗರಿಗೆ ಬಡಿಸಿ ಒಳಗೆ ಹೋದರು. ಅದನ್ನು ನಾವು ಕಂಡೆವು. ಕಂಡೂ ನಕ್ಕೆವು.

ನೌಕರಿ ಸಿಕ್ಕಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಆ ನಿಲಯಕ್ಕೆ ದೇಣಿಗೆ ಕೊಡಲು ಹೋದೆವು. ನಮ್ಮ ತಂದೆಯವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಗೋಡೆಗೆ ಹಾಕಿದರು. ಶಾಲು ಹೊದಿಸಿದರು. ಊಟಕ್ಕೆ ಕುಳಿತಾಗ ಅಜ್ಜನ ನೆನಪಾಗಿ ವಿಚಾರಿಸಿದೆವು. “ಕಣ್ಣು ಪೂರಾ ಹೋಯಿತು, ಊರಿಗೆ ಹೋದರು” ಎಂದರು. ಯಾವ ಊರು? ಅಲ್ಲಿದ್ದವರು ಯಾರಿಗೂ ತಿಳಿಯದು. ಹೆಸರೇನು? ಅದೂ ತಿಳಿಯದು. ನಮಗೂ ತಿಳಿದಿರಲಿಲ್ಲ. ಆರು ವರ್ಷ ಅವರ ಕೈಯ ಅನ್ನವನ್ನುಂಡ ನಾವು ಒಂದು ದಿನವಾದರೂ ಅವರ ಹೆಸರನ್ನು ಕೇಳಿರಲಿಲ್ಲ. ಹೆಗಲ ಮೇಲಿದ್ದ ಶಾಲು ಅಂದು ಬೆಂಕಿಯಂತೆ ಸುಟ್ಟಿತು. ನಮ್ಮ ಸಾಲವೆಂದರೆ ಇದೇ.

ಸಿದ್ಧಗಂಗೆಯಲ್ಲಿ

ತುಮಕೂರಿನಲ್ಲಿಳಿದು ಕ್ಯಾತ್ಸಂದ್ರದ ಕಡೆಯ ಬಸ್ಸು ಹಿಡಿದರೆ ಬಂಡೆಗಲ್ಲಿನ ಬೆಟ್ಟ ಕಾಣತೊಡಗುತ್ತದೆ. ಹಿಂದೆ ಗೋಸಲ ಸಿದ್ಧೇಶ್ವರರು ಈ ಬೆಟ್ಟದಲ್ಲಿ ಶಿಷ್ಯರೊಡನೆ ತಪಸ್ಸಿಗೆ ನಿಂತಿದ್ದಾಗ, ಬಾಯಾರಿ ಬಳಲಿದ ಸಾಧಕರೊಬ್ಬರಿಗಾಗಿ ಬಂಡೆಯಿಂದ ನೀರು ಚಿಮ್ಮಿಸಿದರೆಂಬುದು ಸ್ಥಳದ ನಂಬಿಕೆ. ಸಿದ್ಧರು ತಂದ ಗಂಗೆಯಾದ್ದರಿಂದ ಸಿದ್ಧಗಂಗೆ. ಇಲ್ಲಿಯ ಪುಣ್ಯಕಥೆ ಒಬ್ಬನ ಬಾಯಾರಿಕೆಯಿಂದ ಆರಂಭವಾಗುತ್ತದೆ ಎಂಬುದನ್ನು ಬಂಧುಗಳು ಗಮನಿಸಬೇಕು. ಹಸಿದವನನ್ನೂ ಬಾಯಾರಿದವನನ್ನೂ ಕಂಡ ಕ್ಷಣದಲ್ಲಿಯೇ ಈ ಕ್ಷೇತ್ರಕ್ಕೆ ಹೆಸರು ಹುಟ್ಟಿತು.

ಉದ್ದಾನ ಶಿವಯೋಗಿಗಳು 1917ರಲ್ಲಿ ಇಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ತರುಣ ಶಿವಣ್ಣನವರು 1930ರಲ್ಲಿ ದೀಕ್ಷೆ ಪಡೆದು ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಮಠದ ಹೊಣೆಯನ್ನು ಹೊತ್ತರು. ಮಕ್ಕಳ ಅನ್ನಕ್ಕಾಗಿ ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. 2019ರ ಜನವರಿ 21ರಂದು, 111ರ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೂ ಆ ಜೋಳಿಗೆಯನ್ನು ಕೆಳಗಿಡಲಿಲ್ಲವೆಂದೇ ಹೇಳಬೇಕು. ಇಂದು ಪೂಜ್ಯ ಸಿದ್ಧಲಿಂಗ ಸ್ವಾಮಿಗಳ ನೇತೃತ್ವದಲ್ಲಿ ಸುಮಾರು 10,000 ಮಕ್ಕಳು ಜಾತಿಮತಗಳ ಭೇದವಿಲ್ಲದೆ ಇಲ್ಲಿ ಅನ್ನ, ವಸತಿ, ವಿದ್ಯೆಗಳನ್ನು ಪಡೆಯುತ್ತಿದ್ದಾರೆ.

ಪೂಜ್ಯರ ಬಗೆಗೆ ಗ್ರಂಥಗಳೇ ಬಂದಿವೆ. ನಮ್ಮ ಅಲ್ಪ ಲೇಖನಿ ಅದಕ್ಕೆ ಏನನ್ನೂ ಕೂಡಿಸಲಾರದು. ನಾವು ಅಂದು ನೋಡಬಯಸಿದ್ದು ಗದ್ದುಗೆಯ ಹಿಂದಿನ ಅಡುಗೆಮನೆಯನ್ನು, ಪಾಠದ ಹಿಂದಿನ ಪಡಸಾಲೆಯನ್ನು, ರಾತ್ರಿಯ ಹೊತ್ತು ಎಚ್ಚರವಾಗಿರುವ ಆ ಜೀವಗಳನ್ನು.

ಲೆಕ್ಕಕ್ಕೆ ಸಿಗದ ದುಡಿಮೆ

ಗೃಹಿಣಿಯರಾದ ನಮ್ಮ ಓದುಗ ಸೋದರಿಯರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಒಂದು ಮಗುವಿನ ಮುದ್ದೆಗೆ 150 ಗ್ರಾಂ ಹಿಟ್ಟು ಬೇಕೆಂದಿಟ್ಟುಕೊಳ್ಳಿ. 10,000 ಮಕ್ಕಳಿಗೆ 1,500 ಕಿಲೋ, ಅಂದರೆ ಹದಿನೈದು ಕ್ವಿಂಟಾಲ್. ಇದು ಒಂದು ಹೊತ್ತಿನ ಮಾತು. ಬೆಳಗಿನ ಉಪಾಹಾರ, ಮಧ್ಯಾಹ್ನ, ರಾತ್ರಿ ಎಂದು ಮೂರು ಹೊತ್ತು ಕೂಡಿಸಿದರೆ ದಿನಕ್ಕೆ 30,000 ತಟ್ಟೆ. ಮನೆಗೆ ನಾಲ್ಕು ಜನ ನೆಂಟರು ಹೆಚ್ಚಾಗಿ ಬಂದರೆ ನಮಗೆ ಕೈಕಾಲು ಆಡದು. ಇಲ್ಲಿ ಹಬ್ಬವೆಂದು ರಜೆಯಿಲ್ಲ. ಮೈಯುಷಾರಿಲ್ಲವೆಂದು ಒಲೆ ಆರಿಸುವಂತಿಲ್ಲ. ಜಾತ್ರೆಯ ದಿನಗಳಲ್ಲಿ ಮಕ್ಕಳ ಜತೆಗೆ ಬಂದ ಭಕ್ತರಿಗೂ ಎಲೆ ಹಾಕಬೇಕು.

ಹಿಟ್ಟು ಕುದಿಯುವ ಪಾತ್ರೆಯ ಮುಂದೆ ನಿಂತು ಕೋಲಿನಿಂದ ತಿರುವುವುದೆಂದರೆ ತೋಳಿನ ಬಲವಷ್ಟೇ ಸಾಲದು, ಕಣ್ಣಿನ ಹದವೂ ಬೇಕು. ಕ್ಷಣ ತಡವಾದರೆ ಗಂಟು ಕಟ್ಟುತ್ತದೆ. ಅವಸರಪಟ್ಟರೆ ಹಸಿ ಉಳಿಯುತ್ತದೆ. ಸಾವಿರಾರು ಮಕ್ಕಳ ಹೊಟ್ಟೆನೋವು ಆ ಒಂದು ಕ್ಷಣದ ಎಚ್ಚರವನ್ನು ಅವಲಂಬಿಸಿದೆ. ಬಡಿಸುವವನಿಗೆ ಇನ್ನೊಂದು ಬಗೆಯ ಕಣ್ಣು ಬೇಕು. ಯಾವ ಮಗು ತಟ್ಟೆಯ ಮುಂದೆ ತಲೆತಗ್ಗಿಸಿ ಕುಳಿತಿದೆ, ಯಾರಿಗೆ ಜ್ವರದ ಕಳೆಯಿದೆ, ಯಾರು ಸಂಕೋಚದಿಂದ ಇನ್ನೊಂದು ಮುದ್ದೆ ಕೇಳದೆ ಏಳುತ್ತಿದ್ದಾನೆ ಎಂಬುದನ್ನು ಸಾಲಿನಲ್ಲಿ ಸಾಗುತ್ತಲೇ ಅವನು ಕಾಣಬೇಕು.

ಮಧ್ಯಾಹ್ನ ನಾವೂ ಮಕ್ಕಳ ಸಾಲಿನ ಕೊನೆಯಲ್ಲಿ ಕುಳಿತೆವು. ನಮ್ಮ ಹುಡುಗ ತಟ್ಟೆಯನ್ನು ಮುಟ್ಟಲಿಲ್ಲ. ಸಾರಿನ ಬಕೆಟ್ಟು ಹಿಡಿದು ಬಂದ ನಡುವಯಸ್ಸಿನವರೊಬ್ಬರು ಅವನ ಮುಂದೆ ನಿಂತರು. “ಯಾವೂರಪ್ಪ?” ಎಂದರು. “ಪಂಚನಹಳ್ಳಿ” ಎಂದ ಹುಡುಗ, ಕೇಳಿಯೂ ಕೇಳದಂತೆ. “ಓ, ಕಡೂರು ಕಡೆ! ಅಲ್ಲಿಯವರು ಮುದ್ದೆ ನುಂಗೋದ್ರಲ್ಲಿ ಗಟ್ಟಿಗರು ಅಂತ ಕೇಳಿದ್ದೆ. ಸುಳ್ಳಾ?” ಎಂದರು. ಹುಡುಗ ತಲೆಯೆತ್ತಿದ. ಒಂದು ತುತ್ತು ಮುರಿದ. ಅವರು ಮುಂದಕ್ಕೆ ಹೋದರು. ಇಷ್ಟೇ ನಡೆದದ್ದು. ಯಾವ ಭಾಷಣವೂ ಇಲ್ಲ, ಸಾಂತ್ವನವೂ ಇಲ್ಲ. ಆದರೆ ಆ ಮಗು ಅಂದು ಉಂಡದ್ದು ಆ ಒಂದು ಮಾತಿನಿಂದ.

ಸಂಜೆ ಸಾಮೂಹಿಕ ಪ್ರಾರ್ಥನೆ. ಸಾವಿರಾರು ಕಂಠಗಳು ಒಂದಾಗಿ ಏಳುವಾಗ ಬೆಟ್ಟವೇ ದನಿಗೂಡಿಸಿದಂತಾಗುತ್ತದೆ. ಪ್ರಾರ್ಥನೆಯ ಸಾಲುಗಳ ನಡುವೆ ಉಪಾಧ್ಯಾಯರು ಸದ್ದಿಲ್ಲದೆ ಓಡಾಡುತ್ತಿದ್ದರು. ಹೊಸ ಮಕ್ಕಳನ್ನು ಹಳೆಯ ಮಕ್ಕಳ ಪಕ್ಕಕ್ಕೆ ಕೂರಿಸುತ್ತಿದ್ದರು. ಅಳುವ ಮಗುವಿನ ಬೆನ್ನ ಮೇಲೆ ಕೈಯಿಟ್ಟು ತಾವೂ ಹಾಡುತ್ತಿದ್ದರು. ಮನೆಬಿಟ್ಟು ಬಂದ ಮೊದಲ ವಾರ ಮಗುವಿಗೆ ಅತ್ಯಂತ ಕಠಿಣವಾದ ವಾರ. ಆ ವಾರವನ್ನು ದಾಟಿಸುವವರಿಗೆ ಪಠ್ಯಪುಸ್ತಕದಲ್ಲಿ ಪಾಠವಿಲ್ಲ, ಪರೀಕ್ಷೆಯಲ್ಲಿ ಅಂಕವಿಲ್ಲ.

ಅಂದಿನ ಬುತ್ತಿ

ರಾತ್ರಿ ಊಟವಾದ ಮೇಲೆ ಮಧ್ಯಾಹ್ನ ಸಾರು ಬಡಿಸಿದ ಆ ಹಿರಿಯರನ್ನು ಹುಡುಕಿಕೊಂಡು ಹೋದೆವು. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಪಾದಗಳು ಊದಿಕೊಂಡಿದ್ದವು. ಪರಿಚಯ ಹೇಳಿಕೊಂಡು ಮೊದಲ ಮಾತಿಗೇ ಅವರ ಹೆಸರನ್ನು ಕೇಳಿದೆವು. ಅವರು ಗಾಬರಿಯಾದರು. “ಏನಾದರೂ ತಪ್ಪಾಯಿತಾ ಸ್ವಾಮಿ?” ಎಂದರು. ಹೆಸರು ಕೇಳಿದರೆ ದೂರಿಗಾಗಿಯೇ ಇರಬೇಕೆಂದು ಒಬ್ಬ ದುಡಿಯುವ ಮನುಷ್ಯ ಭಾವಿಸುವಂತಾಗಿದ್ದರೆ ಅದು ಅವರ ತಪ್ಪಲ್ಲ; ಉಂಡೆದ್ದು ಹೋದ ನಮ್ಮಂಥವರೆಲ್ಲರ ತಪ್ಪು.

ನಿಧಾನವಾಗಿ ಮಾತಿಗಿಳಿದರು. 2019ರ ಜನವರಿಯ ಆ ದಿನದ ಪ್ರಸ್ತಾಪ ಬಂತು. ತಾವು ಲಿಂಗೈಕ್ಯರಾದರೆ ಮಕ್ಕಳ ಊಟ ಮುಗಿಯುವವರೆಗೆ ಸುದ್ದಿಯನ್ನು ತಿಳಿಸಬೇಡಿರೆಂದು ಹಿರಿಯ ಪೂಜ್ಯರು ಮೊದಲೇ ಹೇಳಿದ್ದರೆಂದೂ, ಅದರಂತೆ ಮಧ್ಯಾಹ್ನದ ಪ್ರಸಾದವಾದ ಮೇಲೆಯೇ ವಿಷಯ ಪ್ರಕಟವಾಯಿತೆಂದೂ ಆಗ ನಾಡಿನ ಪತ್ರಿಕೆಗಳೆಲ್ಲ ಬರೆದವು. ಅದನ್ನೋದಿ ನಾವೆಲ್ಲ ಗುರುವಿನ ಕರುಣೆಗೆ ಕಣ್ಣೀರಿಟ್ಟೆವು. ಅಂದಿನ ಊಟವನ್ನು ಬೇಯಿಸಿದವರ, ಬಡಿಸಿದವರ ಬಗೆಗೆ ಎಷ್ಟು ಮಂದಿ ಯೋಚಿಸಿದೆವು? ಗುರುವಿನ ಆ ಕೊನೆಯ ಇಚ್ಛೆ ನಡೆದದ್ದು ಅವರ ಕೈಗಳಿಂದ. ಮಾರನೆಯ ದಿನ ಅಂತಿಮ ದರ್ಶನಕ್ಕೆ ಲಕ್ಷಗಟ್ಟಲೆ ಜನ ಬಂದರು. ಬಂದವರು ಹಸಿದು ಹೋಗಲಿಲ್ಲ. ತಂದೆಯನ್ನು ಕಳೆದುಕೊಂಡ ಮನೆಯಲ್ಲಿ ಒಲೆ ಹಚ್ಚುವುದನ್ನು ನೆರೆಹೊರೆಯವರಿಗೆ ಬಿಡುತ್ತೇವೆ. ಇಲ್ಲಿ ತಂದೆಯನ್ನು ಕಳೆದುಕೊಂಡವರೇ ಒಲೆಯ ಮುಂದೆ ನಿಂತರು.

“ಅಂದು ಅಳೋಕೆ ಹೊತ್ತೇ ಸಿಗಲಿಲ್ಲ ಸ್ವಾಮಿ” ಎಂದರು ಅವರು. “ಆಮೇಲೆ ಯಾವಾಗಲೋ ಒಂದು ದಿನ ಪಾತ್ರೆ ತೊಳೀತಾ ಇದ್ದಾಗ ಅಳು ಬಂತು.”

ಹೊರಡುವ ಮುನ್ನ ಆ ತಾಯಿಯ ಪ್ರಶ್ನೆಯನ್ನು ಅವರ ಮುಂದಿಟ್ಟೆವು. ಅವರು ನಕ್ಕರು. “ಅದನ್ನು ನೋಡ್ಕೊಳ್ಳೋರು ಇದ್ದಾರೆ. ರಾತ್ರಿ ಒಂದು ಸುತ್ತು ಬರ್ತಾರೆ. ಹೊದಿಕೆ ಒದ್ದವರಿಗೆ ಹೊದಿಸ್ತಾರೆ. ಪಕ್ಕದ ದೊಡ್ಡ ಹುಡುಗರೂ ಹೊದಿಸ್ತಾರೆ. ಅವರಿಗೂ ಯಾರೋ ಹೊದಿಸಿದ್ದರಲ್ಲ!” ಎಂದರು. ತಮ್ಮ ಹೆಸರನ್ನೂ ಹೇಳಿದರು. ಆದರೆ ಪತ್ರಿಕೆಯಲ್ಲಿ ಬರೆಯುವುದು ಬೇಡವೆಂದು ಕೈಮುಗಿದರು. ಅವರ ಮಾತನ್ನು ನಡೆಸಿದ್ದೇವೆ. ಹೆಸರು ನಮ್ಮ ಬಳಿ ಇದೆ.

ಕಾಯಕ ಮತ್ತು ಕೂಲಿ

ನಮ್ಮ ಸಮಾಜದ ವಿದ್ಯಾಸಂಸ್ಥೆಗಳ ಚರಿತ್ರೆ ದಾನಿಗಳ ಚರಿತ್ರೆಯೂ ಹೌದು, ದುಡಿದವರ ಚರಿತ್ರೆಯೂ ಹೌದು. ತಮ್ಮ ಸಂಸ್ಥಾನವನ್ನೇ ಸಮಾಜದ ಮಕ್ಕಳ ವಿದ್ಯೆಗೆ ಧಾರೆಯೆರೆದ ಸಿರಸಂಗಿ ಲಿಂಗರಾಜರನ್ನು ನಾವು ಮರೆತಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಗೆ ಬುನಾದಿ ಹಾಕಿದ ಏಳು ಮಂದಿ ಮಹನೀಯರನ್ನು ‘ಸಪ್ತರ್ಷಿಗಳು’ ಎಂದು ಕರೆದು ಗೌರವಿಸಿದ್ದೇವೆ. ಅವರಲ್ಲಿದ್ದ ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದವರು ಪಾಠ ಹೇಳುತ್ತಲೇ ಸಂಸ್ಥೆಯನ್ನು ಕಟ್ಟಿದರು. ಅಂಧ ಮಕ್ಕಳ ಕೈಗೆ ಸ್ವರವನ್ನಿತ್ತ ಗದಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳನ್ನು ನಾಡೇ ಪೂಜಿಸುತ್ತದೆ. ದಾನಿಗೆ ಕಲ್ಲಿನಲ್ಲಿ ಹೆಸರುಂಟು, ಗುರುವಿಗೆ ಗದ್ದುಗೆಯುಂಟು, ಉಪಾಧ್ಯಾಯನಿಗೆ ಪುಸ್ತಕದಲ್ಲಿ ಒಂದು ಪುಟವುಂಟು. ಅಡುಗೆಯವನಿಗೆ, ನಿಲಯದ ಮೇಲ್ವಿಚಾರಕನಿಗೆ, ಕಸಗುಡಿಸುವ ತಾಯಿಗೆ, ರಾತ್ರಿಯ ಕಾವಲುಗಾರನಿಗೆ ಏನುಂಟು?

“ಅವರದು ಕಾಯಕ, ಸೇವೆ” ಎಂದು ಹೇಳಿ ನಾವು ಕೈತೊಳೆದುಕೊಳ್ಳುತ್ತೇವೆ. ಇಲ್ಲಿ ಶರಣರ ಚರಿತ್ರೆಯನ್ನು ಸರಿಯಾಗಿ ಓದಬೇಕು. ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ನಡೆಸಿದವರು. ಅವರ ಹಗ್ಗಕ್ಕೆ ಸಲ್ಲಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಹಣ ಬಂದಾಗ ಅದನ್ನು ಒಪ್ಪಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚಿಗೆ ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿಸಿ ಬರಲು ಹೇಳಿದರು. ಕಾಯಕಕ್ಕೆ ಸಲ್ಲುವುದಕ್ಕಿಂತ ಹೆಚ್ಚು ಬೇಡ ಎಂಬುದು ಈ ಕಥೆಗಳ ಸಾರವೆಂದು ನಾವು ಸಭೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಆದರೆ ಸಲ್ಲುವುದು ಸಲ್ಲಲೇಬೇಕು ಎಂಬ ಇನ್ನೊಂದು ಅರ್ಧವನ್ನು ಮರೆತಿದ್ದೇವೆ. ಹಗ್ಗಕ್ಕೆ ಬೆಲೆಯಿತ್ತು, ಆ ಬೆಲೆ ಕೈಗೆ ಬಂದ ಮೇಲೆಯೇ ಚಂದಯ್ಯನವರು ದಾಸೋಹ ಮಾಡಿದರು. ನ್ಯಾಯವಾದ ಕೂಲಿಯನ್ನು ಕೊಡದೆ ‘ಕಾಯಕ’ವೆಂದು ಹೊಗಳುವುದು ಶರಣರಿಗೆ ಒಪ್ಪಿಗೆಯಾಗುವ ಮಾತಲ್ಲ. ಹೊಗಳಿಕೆಯಿಂದ ಮನೆಯ ಬಾಡಿಗೆ ಸಲ್ಲುವುದಿಲ್ಲ, ಮಗಳ ಶುಲ್ಕ ಕಟ್ಟಲಾಗುವುದಿಲ್ಲ.

ಇದನ್ನು ಯಾವ ಒಂದು ಮಠವನ್ನೂ ಸಂಸ್ಥೆಯನ್ನೂ ಕುರಿತು ಹೇಳುತ್ತಿಲ್ಲ. ಮಠಗಳ ಜೋಳಿಗೆಗೆ ನಾವು ಹಾಕಿದಷ್ಟೇ ಬೀಳುವುದು. ನಾವು ಹಾಕುವಾಗ ಕಟ್ಟಡಕ್ಕೆ ಹಾಕುತ್ತೇವೆ. ಏಕೆಂದರೆ ಕಟ್ಟಡದ ಮೇಲೆ ಹೆಸರು ಬರೆಯಬಹುದು. ಹುಟ್ಟುಹಬ್ಬಕ್ಕೂ ಹಿರಿಯರ ಸ್ಮರಣೆಗೂ ಒಂದು ದಿನದ ಅನ್ನದಾಸೋಹಕ್ಕೆ ಕಾಣಿಕೆ ಕೊಡುತ್ತೇವೆ, ಅದು ಒಳ್ಳೆಯದೇ. ಆ ದಿನದ ಅನ್ನವನ್ನು ಬೇಯಿಸುವವರ ಕಣ್ಣಿನ ಚಿಕಿತ್ಸೆಗೆ, ಮುಪ್ಪಿನ ಕಾಲದ ಆಸರೆಗೆ ಎಂದು ಕೊಡುವವರು ಎಷ್ಟು ಮಂದಿ? ನಮ್ಮ ಅಜ್ಜನ ಕಣ್ಣು ಹೋದಾಗ ಗೋಡೆಯ ಮೇಲೆ ನಮ್ಮ ತಂದೆಯ ಹೆಸರು ಹೊಳೆಯುತ್ತಿತ್ತು. ತಂದೆಯವರು ಬದುಕಿದ್ದರೆ ಆ ಕಲ್ಲನ್ನು ಒಪ್ಪುತ್ತಿರಲಿಲ್ಲವೆಂದು ಈಗ ಅನಿಸುತ್ತದೆ.

ಆದುದರಿಂದ ಓದುಗ ಕುಟುಂಬಗಳಲ್ಲಿ ಮೂರು ಬಿನ್ನಹಗಳು. ನಿಮ್ಮೂರಿನ ಅಥವಾ ನೀವು ಓದಿದ ಪ್ರಸಾದ ನಿಲಯಕ್ಕೆ ಹೋದಾಗ ಅಲ್ಲಿ ದುಡಿಯುವವರ ಹೆಸರು ಕೇಳಿರಿ. ಮಕ್ಕಳಿಗೂ ಕೇಳಲು ಕಲಿಸಿರಿ. ನೀವು ಕೊಡುವ ಕಾಣಿಕೆಯಲ್ಲಿ ಒಂದು ಪಾಲನ್ನು ಸಿಬ್ಬಂದಿಯ ವೈದ್ಯಕೀಯ ವೆಚ್ಚಕ್ಕೆ, ಅವರ ಮಕ್ಕಳ ವಿದ್ಯೆಗೆ ಮೀಸಲಿಡಬೇಕೆಂದು ಬರೆದು ಕೊಡಿರಿ. ಹಳೆಯ ವಿದ್ಯಾರ್ಥಿಗಳ ಸಮಾವೇಶ ನಡೆದಾಗ ಶಾಲಿನ ಮೊದಲ ಮಡಿಕೆ ಅಡುಗೆಮನೆಯ ಕಡೆಗೆ ತಿರುಗಲಿ. ಅವರು ಸಂಕೋಚಪಡುತ್ತಾರೆ, ವೇದಿಕೆ ಹತ್ತಲು ಒಲ್ಲೆನೆನ್ನುತ್ತಾರೆ. ಆಗ ನಾವೇ ವೇದಿಕೆಯಿಂದ ಇಳಿದು ಹೋದರಾಯಿತು.

ಹಿಂದಿರುಗಿದ ಮೇಲೆ

ಮರುದಿನ ಬೆಳಿಗ್ಗೆ ಗದ್ದುಗೆಯ ದರ್ಶನ ಮಾಡಿ ಹುಡುಗನನ್ನು ಬೀಳ್ಕೊಂಡೆವು. “ತಾತ, ರಾತ್ರಿ ಯಾರೋ ಹೊದಿಸಿದರು” ಎಂದ ಅವನು, ನಾವು ಕೇಳುವ ಮೊದಲೇ. “ಯಾರು?” ಎಂದೆವು. “ಗೊತ್ತಿಲ್ಲ. ನಿದ್ದೆ ಬಂದಿತ್ತು” ಎಂದ. ಚಕ್ಕುಲಿಯ ಡಬ್ಬಿ ಅಷ್ಟರಲ್ಲಿ ಅರ್ಧ ಖಾಲಿಯಾಗಿ ಪಕ್ಕದ ಹುಡುಗನ ಕೈಯಲ್ಲಿತ್ತು. “ಕೇಳಿ ತಿಳಿದುಕೋ ಮಗೂ. ಹೆಸರು ಕೇಳು, ಊರು ಕೇಳು, ಮರೆಯದೆ ಬರೆದಿಟ್ಟುಕೋ” ಎಂದು ಹೇಳಿ ಬಂದೆವು. ನಾವು ನಮ್ಮ ವಂಶಕ್ಕೆ ಕೊಟ್ಟ ಬುದ್ಧಿವಾದಗಳಲ್ಲಿ ಇದಕ್ಕಿಂತ ಮೇಲಾದುದು ಇನ್ನೊಂದಿಲ್ಲವೆಂದು ತಿಳಿದಿದ್ದೇವೆ.

ಪಂಚನಹಳ್ಳಿಯಲ್ಲಿಳಿದಾಗ ಸಂಜೆಯಾಗಿತ್ತು. ಮೊದಲ ಮಳೆ ಬಿದ್ದು ನೆಲ ಹದವಾಗಿತ್ತು. ತಾಯಿ ಬಾಗಿಲಲ್ಲೇ ನಿಂತಿದ್ದಳು. ಅವಳ ಪ್ರಶ್ನೆಗೆ ಈ ಸಲ ಉತ್ತರವಿತ್ತು. ಎಲ್ಲವನ್ನೂ ಹೇಳಿದೆವು. ಊದಿದ ಪಾದಗಳ ಆ ಹಿರಿಯರ ಹೆಸರನ್ನೂ ಹೇಳಿದೆವು. ಅವಳು ಆ ಹೆಸರನ್ನು ಒಮ್ಮೆ ತನ್ನಷ್ಟಕ್ಕೆ ತಾನೇ ಉಚ್ಚರಿಸಿ ನೋಡಿದಳು. ಆಮೇಲೆ ಒಳಗೆ ಹೋಗಿ, ಮುಂದಿನ ಸಲ ಹೋಗುವಾಗ ಒಯ್ಯಬೇಕೆಂದು ಅಟ್ಟದ ಮೇಲಿನ ಉಂಡೆ ಕೊಬ್ಬರಿಯಲ್ಲಿ ಒಳ್ಳೆಯವನ್ನು ಆರಿಸಿ ಬೇರೆಯಾಗಿ ತೆಗೆದಿಟ್ಟಳು. ಮಠಕ್ಕೆಂದು ಪ್ರತಿ ವರ್ಷ ತೆಗೆದಿಡುವ ರಾಗಿಯ ಚೀಲ ಅದರ ಪಕ್ಕದಲ್ಲೇ ಇತ್ತು. ಚೀಲ ದಾಸೋಹಕ್ಕೆ. ಕೊಬ್ಬರಿ ಅವರ ಮನೆಗೆ.

ಕಾಣದ ಕೈಗಳಿಂದ ನಮ್ಮ ಮಕ್ಕಳಿಗೆ ಉಣಬಡಿಸುವ, ಹೊದಿಸುವ ಎಲ್ಲ ಕಾಯಕಜೀವಿಗಳಿಗೆ ಶರಣು ಶರಣಾರ್ಥಿ.